ನಿಶ್ಶಕ್ತಿ ಎಂದು ಬರೆದ ದಿನಗಳು

ತೊಂಬತ್ತರ ದಶಕದ ನಡುವಿನ ನಾಲ್ಕೈದು ವರ್ಷಗಳು ನನಗೆ ಮಂಜಿನೊಳಗಿಂದಲೇ ನೆನಪಾಗುತ್ತವೆ. ಮಂಜು ನಿಜಕ್ಕೂ ಇತ್ತು. ನಂಜನಗೂಡಿನಲ್ಲಿ ಮನೆ, ನರಸೀಪುರ ದಾಟಿ ಕೆಲಸ. ಚಳಿಗಾಲದಲ್ಲಿ ಬೆಳಗಿನ ಬಸ್ಸು ಹತ್ತಿದರೆ ದಾರಿಯುದ್ದಕ್ಕೂ ಗದ್ದೆಗಳೇ ಕಾಣುತ್ತಿರಲಿಲ್ಲ, ಗದ್ದೆಯಲ್ಲಿ ನಿಂತವರ ತಲೆಗಳು ಮಾತ್ರ ತೇಲಿಕೊಂಡು ಹೋಗುತ್ತಿದ್ದವು. ಎಲ್ಲೋ ಒಂದು ಎತ್ತಿನ ಕೊಂಬು, ಎಲ್ಲೋ ಒಂದು ಸೈಕಲ್ಲಿನ ಹ್ಯಾಂಡಲ್ಲು. ಆಮೇಲೆ ಬಿಸಿಲೇರಿದರೂ, ಬೇಸಿಗೆ ಬಂದರೂ ನನ್ನ ಕಣ್ಣಿನ ಮುಂದಿನ ಮಂಜು ಕರಗಲಿಲ್ಲ.

ನಾನು ಆಗ ಸರ್ಕಾರಿ ಆರೋಗ್ಯ ಉಪಕೇಂದ್ರವೊಂದರಲ್ಲಿ ಸಹಾಯಕಿ. ಹಳ್ಳಿಯವರಿಗೆ ನರ್ಸಮ್ಮ. ಸೋಸಲೆಯಿಂದ ಇನ್ನೂ ಸ್ವಲ್ಪ ಒಳಕ್ಕೆ ಹೋದರೆ ಕಾಲುವೆ ಪಕ್ಕದ ಒಂದು ಹಳ್ಳಿ. ಅಲ್ಲಿ ಒಂದು ಕೋಣೆ, ಕೋಣೆಯ ಮುಂದೆ ಜಗಲಿ, ಜಗಲಿಯ ಮೇಲೆ ಹೊಂಗೆ ಮರದ ನೆರಳು. ಮಕ್ಕಳಿಗೆ ಚುಚ್ಚುಮದ್ದು, ಬಸುರಿಯರಿಗೆ ಕಬ್ಬಿಣದ ಮಾತ್ರೆ, ಗಾಯಕ್ಕೆ ಪಟ್ಟಿ. ಇದಕ್ಕೆಲ್ಲ ರಿಜಿಸ್ಟರಿನಲ್ಲಿ ಒಂದೊಂದು ಕಾಲಂ ಇತ್ತು.

ಯಾವ ಕಾಲಮ್ಮಿಗೂ ಸೇರದೆ ಬರುತ್ತಿದ್ದವರು ಹೆಂಗಸರು. ಮನೆಗೆಲಸ ಮುಗಿಸಿ, ಹನ್ನೊಂದರ ಹೊತ್ತಿಗೆ, ಸೆರಗು ಹೊದ್ದುಕೊಂಡು ಬಂದು ಜಗಲಿಯ ಅಂಚಿನಲ್ಲಿ ಕೂರುವರು.

"ಎದೆ ಡವಡವ ಅಂತದೆ ಕಣಮ್ಮ."

"ಮೈಯೆಲ್ಲ ಇರುವೆ ಅರಿದಾಡ್ದಂಗೆ ಆಯ್ತದೆ."

"ಯಾತುಕ್ಕೂ ಮನ್ಸಿಲ್ಲ. ಮನೆಗೆ ಓಗಕ್ಕೂ ಮನ್ಸಿಲ್ಲ, ಇಲ್ಲಿ ಕೂರಕ್ಕೂ ಮನ್ಸಿಲ್ಲ."

ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದೆ. ರಕ್ತ ಕಡಿಮೆ ಎನ್ನುತ್ತಿದ್ದೆ. ರಿಜಿಸ್ಟರಿನಲ್ಲಿ 'ನಿಶ್ಶಕ್ತಿ' ಎಂದು ಬರೆದು ಹಳದಿ ಬಣ್ಣದ ಬಿ ಕಾಂಪ್ಲೆಕ್ಸ್ ಮಾತ್ರೆ ಎಣಿಸಿ ಕೊಡುತ್ತಿದ್ದೆ. ಒಂದೊಂದು ದಿನ ಪುಟದ ತುಂಬ ನನ್ನದೇ ದುಂಡು ಅಕ್ಷರದಲ್ಲಿ ನಿಶ್ಶಕ್ತಿ, ನಿಶ್ಶಕ್ತಿ, ನಿಶ್ಶಕ್ತಿ. ತರಬೇತಿಯಲ್ಲಿ ಮನಸ್ಸಿನ ಕಾಯಿಲೆಗಳ ಬಗ್ಗೆ ಒಂದು ಪಾಠ ಇತ್ತು. ಅದರಲ್ಲಿ ಇದ್ದವರು ಬಟ್ಟೆ ಹರಿದುಕೊಳ್ಳುವವರು, ಬೀದಿಯಲ್ಲಿ ಒಬ್ಬರೇ ಮಾತಾಡಿಕೊಳ್ಳುವವರು. ಸುಮ್ಮನೆ ಕೂತವರ ಬಗ್ಗೆ ಏನೂ ಇರಲಿಲ್ಲ. ಅಥವಾ ಇತ್ತೇನೋ, ನಾನೇ ಆ ದಿನ ಗಮನ ಕೊಟ್ಟಿರಲಿಲ್ಲ.

ನನಗೆ ಅದು ಶುರುವಾದದ್ದು ಸೇತುವೆಯ ಮೇಲೆ. ನರಸೀಪುರದಿಂದ ಸೋಸಲೆ ಕಡೆಗೆ ಹೋಗುವಾಗ ಕಾವೇರಿ ದಾಟಬೇಕು. ದಿನಾ ದಾಟುತ್ತಿದ್ದದ್ದೇ. ಆವತ್ತು ಕಿಟಕಿಯ ಪಕ್ಕ ಕೂತಿದ್ದೆ. ಕೆಳಗೆ ಯಾರೋ ಬಟ್ಟೆ ಒಗೆಯುತ್ತಿದ್ದರು, ಒಂದು ಕೆಂಪು ಸೀರೆ ನೀರಿನ ಮೇಲೆ ಉದ್ದಕ್ಕೆ ಬಿಚ್ಚಿಕೊಂಡಿತ್ತು. ಅದನ್ನೇ ನೋಡುತ್ತಿದ್ದ ಹಾಗೆ ಎದೆ ಹೊಡೆದುಕೊಳ್ಳತೊಡಗಿತು. ಅಂಗೈ ತಣ್ಣಗಾಯಿತು. ಬಸ್ಸಿನ ಸದ್ದು, ಜನರ ಮಾತು ಎಲ್ಲ ಬಹಳ ದೂರದಿಂದ ಕೇಳಿದಂತಾಯಿತು. ಈಗ ಸಾಯುತ್ತೇನೆ ಎಂದು ಗೊತ್ತಾಯಿತು. ಅನ್ನಿಸಿತು ಎನ್ನುವುದು ಸರಿಯಲ್ಲ. ನಾಳೆ ಸೋಮವಾರ ಎಂದು ಗೊತ್ತಿರುವ ಹಾಗೆ ಗೊತ್ತಾಯಿತು. ಸೇತುವೆ ಮುಗಿದ ಕೂಡಲೇ ಬಸ್ಸು ನಿಲ್ಲಿಸಿ ಇಳಿದು ರಸ್ತೆ ಬದಿಯ ಕಲ್ಲಿನ ಮೇಲೆ ಕೂತೆ. ನನ್ನ ನಾಡಿ ನಾನೇ ಹಿಡಿದು ಎಣಿಸಿದೆ. ಕಾಲು ಗಂಟೆಯಲ್ಲಿ ಎಲ್ಲ ಸರಿಹೋಯಿತು. ಕೆಳಗೆ ಆ ಸೀರೆಯನ್ನು ಇನ್ನೂ ಜಾಲಿಸುತ್ತಿದ್ದರು.

ಮಾರನೆಯ ದಿನದಿಂದ ಸೇತುವೆಯ ಈಚೆಯೇ ಇಳಿದು ನಡೆದುಕೊಂಡು ದಾಟುವುದು ರೂಢಿಯಾಯಿತು. ಆಚೆ ಇನ್ನೊಂದು ಬಸ್ಸು ಕಾಯಬೇಕಿತ್ತು. ಪರಿಚಯದ ಕಂಡಕ್ಟರ್ ಕೆಲವು ದಿನ ನೋಡಿ ಕೇಳಿದ.

"ಯಾಕ್ ನರ್ಸಮ್ಮ ಇಲ್ಲೇ ಇಳಿತೀರಿ? ಟಿಕೆಟ್ಟು ಇನ್ನೂ ಮುಂದುಕ್ಕದೆ."

"ನಡೆದ್ರೆ ಒಳ್ಳೇದು ಅಂತ."

"ಔದಾ? ಬೀಪಿಗಾ?" ಎಂದು ಕೇಳಿ, ತಾನೂ ನಡೆಯಬೇಕು ಎಂದು ಹೇಳಿ ಸೀಟಿ ಊದಿದ.

ಭಯ ಬರುತ್ತಿತ್ತು, ಹೋಗುತ್ತಿತ್ತು. ಅದರ ಬೆನ್ನಿಗೆ ಬಂದದ್ದು ಮಾತ್ರ ಹೋಗಲಿಲ್ಲ. ಅದಕ್ಕೆ ಭಯದಷ್ಟು ಗಲಾಟೆಯೂ ಇರಲಿಲ್ಲ. ಊಟಕ್ಕೆ ರುಚಿ ಇಲ್ಲದಾಯಿತು. ಮಾತು ಬಾಯಿಯವರೆಗೆ ಬರುವಷ್ಟರಲ್ಲಿ ದಣಿವಾಗುತ್ತಿತ್ತು. ನನ್ನ ಮಗಳಿಗೆ ಆಗ ಆರು ವರ್ಷ. ಒಂದು ಸಂಜೆ ಮೊದಲ ಹಲ್ಲು ಬಿದ್ದಿತೆಂದು ಅಂಗೈಯಲ್ಲಿಟ್ಟುಕೊಂಡು ಓಡಿ ಬಂದಳು. ಬಾಯಲ್ಲಿ ಸ್ವಲ್ಪ ರಕ್ತ, ಮುಖದ ತುಂಬ ನಗು. ನಾನು ಆ ಹಲ್ಲನ್ನು ನೋಡಿದೆ. ಅಕ್ಕಿಯಲ್ಲಿ ಸಿಕ್ಕ ಕಲ್ಲನ್ನು ನೋಡುವ ಹಾಗೆ ನೋಡಿದೆ. "ಹೂಂ" ಎಂದೆ. ಮಗು ಕೈ ಮುಚ್ಚಿಕೊಂಡು ಅಜ್ಜಿಯ ಹತ್ತಿರ ಹೋಯಿತು. ಈ ಒಂದು ಸಂಜೆಗಾಗಿ ನಾನು ಈಗಲೂ ನನ್ನನ್ನು ಕ್ಷಮಿಸಿಕೊಂಡಿಲ್ಲ.

ನನ್ನ ಗಂಡ ನಂಜನಗೂಡಿನ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದರು. ಮೃದು ಸ್ವಭಾವದವರು. ಒಂದು ಭಾನುವಾರ ಎದುರಿಗೆ ಕೂತು ಕೇಳಿದರು.

"ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ."

"ನಾನೇನಾದ್ರೂ ಅಂದ್ನಾ?"

"ಇಲ್ಲ."

"ಮತ್ತೆ?"

ಕೆಲಸ ಇತ್ತು, ಮನೆ ಇತ್ತು, ಮಗು ಚೆನ್ನಾಗಿತ್ತು. ಹೇಳಿಕೊಳ್ಳಲು ಒಂದು ಕಷ್ಟವಾದರೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ.

ಅತ್ತೆ ಏನೂ ಕೇಳಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ನನ್ನನ್ನು ಕಪಿಲಾ ನದಿಗೆ ಕರೆದುಕೊಂಡು ಹೋದರು. ದೇವಸ್ಥಾನದಲ್ಲಿ ನನ್ನಿಂದ ಉರುಳು ಸೇವೆ ಮಾಡಿಸುತ್ತಾರೆ ಎಂದುಕೊಂಡಿದ್ದೆ. ನೀರಿನಲ್ಲಿ ಮುಳುಗಿ ಎದ್ದವರು ಅವರು. ಒದ್ದೆ ಸೀರೆಯಲ್ಲೇ ಪ್ರಾಕಾರದ ಕಲ್ಲಿನ ಮೇಲೆ ಮಲಗಿ, ಎರಡು ಕೈ ತಲೆಯ ಮೇಲೆ ಜೋಡಿಸಿ ಉರುಳತೊಡಗಿದರು. ಅವರಿಗೆ ಅರವತ್ತು ದಾಟಿತ್ತು. ನಾನು ಪಕ್ಕದಲ್ಲಿ ನಡೆಯುತ್ತಾ, ಸೀರೆ ಸರಿಯದ ಹಾಗೆ ಅಂಚು ಹಿಡಿದುಕೊಂಡಿದ್ದೆ. ಕಂಬದ ನೆರಳು, ಬಿಸಿಲು, ಮತ್ತೆ ಕಂಬದ ನೆರಳು ಅವರ ಮುಖದ ಮೇಲೆ ಹಾದು ಹೋಗುತ್ತಿತ್ತು. ಕಲ್ಲಿನ ಮೇಲೆ ಉಳಿದ ಒದ್ದೆಯ ಗೆರೆ ನಾವು ಒಂದು ಸುತ್ತು ಬರುವಷ್ಟರಲ್ಲಿ ಆರಿ ಹೋಗಿತ್ತು. ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಹಣೆಯ ವಿಭೂತಿ ಕರಗಿ ಅವರ ಕಣ್ಣಿಗಿಳಿದದ್ದನ್ನು ಒರೆಸಿದೆ, ಅಷ್ಟೇ.

ಅದೇ ವರ್ಷ ಮಳೆಗಾಲ ಮುಗಿದ ಮೇಲೆ ಒಬ್ಬ ರೈತ ಹೆಂಡತಿಯ ರಟ್ಟೆ ಹಿಡಿದುಕೊಂಡು ನನ್ನ ಜಗಲಿಗೆ ಬಂದ. ರೇಷ್ಮೆ ಹುಳು ಸಾಕುವ ಮನೆ. ಆಕೆ ನನಗಿಂತ ನಾಲ್ಕೈದು ವರ್ಷ ದೊಡ್ಡವಳು.

"ಇವ್ಳಿಗೊಂದು ಸೂಜಿ ಆಕ್ಬುಡಿ ನರ್ಸಮ್ಮ. ಮೂರು ತಿಂಗ್ಳಾಯ್ತು, ಉಳುಕ್ಕೆ ಸೊಪ್ಪಾಕಲ್ಲ, ತಲೆ ಬಾಚ್ಕಳಲ್ಲ. ಕೂತ್ರೆ ಕೂತಂಗೇ."

ನಾನು ರೆಪ್ಪೆ ಎಳೆದು ನೋಡಿ, ನಿಶ್ಶಕ್ತಿ ಎಂದು ಬರೆದೆ. ಮಾರನೆಯ ದಿನ ಆಕೆ ಒಬ್ಬಳೇ ಬಂದಳು. ಅದರ ಮಾರನೆಯ ದಿನವೂ. ಮಾತ್ರೆ ಕೇಳುತ್ತಿರಲಿಲ್ಲ. ಹೊಂಗೆಯ ನೆರಳು ಎತ್ತ ಸರಿದರೆ ಅತ್ತ ಸರಿದು ಕೂತು ನನ್ನನ್ನು ನೋಡುತ್ತಿದ್ದಳು. ವಾರ ಕಳೆದಿರಬೇಕು. ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಮೊದಲ ಸಲ ಬಾಯಿ ಬಿಟ್ಟಳು.

"ನೀವೂ ನನ್ನಂಗೇ ಅಲ್ವಾ ನರ್ಸಮ್ಮ?"

"ಹಂಗಂದ್ರೆ?"

"ಉಳ ಜ್ವರುಕ್ಕೆ ಕೂತಂಗೆ ಕೂತಿದ್ದೀರಿ."

ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಮೇಯುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಒಂದು ದಿನ ಕೂತುಬಿಡುತ್ತದೆ. ಪೊರೆ ಬಿಡುವ ಮುಂಚಿನ ಆ ಸ್ಥಿತಿಗೆ ರೈತರು ಜ್ವರ ಎನ್ನುತ್ತಾರೆ. ಇದನ್ನೂ ಆಕೆಯೇ ಆಮೇಲೆ ವಿವರಿಸಿದಳು.

"ಉಳ ಒಂದಿನ ಕೂತು ಆಮೇಲೆ ಎದ್ದು ಮೇಯ್ತದೆ. ನಾವು ಏಳ್ನೇ ಇಲ್ಲ," ಎಂದಳು.

ನನ್ನ ಗಂಡನಿಗೆ, ಅತ್ತೆಗೆ, ನನಗೇ ಹೇಳಿಕೊಳ್ಳಲಾಗದ್ದನ್ನು ಆಕೆ ದೂರದಿಂದ ಕೂತು ಓದಿಬಿಟ್ಟಿದ್ದಳು. ರಿಜಿಸ್ಟರು ಮುಚ್ಚಿ ಬಾಗಿಲಿಗೆ ಬೀಗ ಹಾಕಿದೆ. "ಬನ್ನಿ," ಎಂದು ಆಕೆ ತನ್ನ ಮನೆಗೆ ಕರೆದುಕೊಂಡು ಹೋದಳು.

ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ಹುಳುಗಳಿಗೆ ರೋಗ ತಗಲುತ್ತದೆಂಬ ಭಯ. ನನ್ನ ಕೈಕಾಲು ತೊಳೆಸಿ ಒಳಗೆ ಬಿಟ್ಟಳು. ತಂಪು ಕತ್ತಲೆ, ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ಒಂದರ ಮೇಲೊಂದು ಬಿದಿರ ತಟ್ಟೆಗಳು. ಆಕೆಯ ಗಂಡ ಆಗ ತಾನೇ ಸೊಪ್ಪು ಹಾಕಿದ್ದ. ಸಾವಿರಾರು ಹುಳುಗಳು ಒಟ್ಟಿಗೆ ಮೇಯುವ ಸದ್ದು, ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ, ನಿಲ್ಲದೆ, ಎಲ್ಲ ಕಡೆಯಿಂದಲೂ. ಮೂಲೆಯಲ್ಲಿ ಚಾಪೆ ಇತ್ತು. ಕೂತೆ. ಗೋಡೆಗೆ ಒರಗಿದೆ. ಕಣ್ಣು ಬಿಟ್ಟಾಗ ಬಾಗಿಲಿನ ಸಂದಿಯ ಬಿಸಿಲು ಕೆಂಪಗಾಗಿತ್ತು. ಎಷ್ಟೋ ತಿಂಗಳುಗಳ ಮೇಲೆ ನಾನು ಕಣ್ತುಂಬ ನಿದ್ದೆ ಮಾಡಿದ್ದೆ. ನನ್ನ ಮೇಲೆ ಯಾರೋ ಹೊದಿಸಿದ್ದ ಹಳೆಯ ಸೀರೆ. ಆಕೆ ಪಕ್ಕದಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಆವತ್ತಿನಿಂದ ನಾನು ಆಕೆಯನ್ನು ಅಕ್ಕ ಎಂದೆ.

ನರಸೀಪುರದ ಒಂದು ಛತ್ರದಲ್ಲಿ ತಿಂಗಳಿಗೊಂದು ದಿನ ಮೈಸೂರಿನಿಂದ ಮನಸ್ಸಿನ ಡಾಕ್ಟರು ಬಂದು ನೋಡುತ್ತಾರೆ ಎಂದು ಜೊತೆಯ ಸಹಾಯಕಿಯೊಬ್ಬಳು ಹೇಳಿದ್ದಳು. ಅಕ್ಕನನ್ನು ಕರೆದುಕೊಂಡು ಹೋಗಬೇಕು ಎಂದುಕೊಂಡೆ. ನಾನೂ ತೋರಿಸಿಕೊಳ್ಳಬಹುದು ಎಂದು ಒಂದು ಕ್ಷಣವೂ ಹೊಳೆಯಲಿಲ್ಲ ಎಂದರೆ ನಂಬುವುದು ಕಷ್ಟ, ಆದರೆ ಹೊಳೆಯಲಿಲ್ಲ. ನಾನು ನರ್ಸಮ್ಮ. ಕರೆದುಕೊಂಡು ಹೋಗುವವಳು.

ಅಕ್ಕನ ಗಂಡ ಹಿಂಜರಿದ. "ಉಚ್ಚರ ಡಾಕ್ಟ್ರಾ? ಜನ ಏನಂದಾರು?"

"ಅಲ್ಲ, ನಿಶ್ಶಕ್ತಿ ಡಾಕ್ಟ್ರು," ಎಂದೆ.

"ಅಂಗಾರೆ ಓಗ್ಬನ್ನಿ," ಎಂದ.

ಅಕ್ಕನಿಗೆ ಬಸ್ಸು ಆಗುತ್ತಿರಲಿಲ್ಲ, ಹತ್ತಿದರೆ ವಾಂತಿ. ಪಕ್ಕದ ಮನೆಯವರ ಎತ್ತಿನ ಗಾಡಿ ಸಂತೆಗೆ ಹೊರಟಿತ್ತು, ಅದರಲ್ಲೇ ಹೋದೆವು. ನಾನು ಯೂನಿಫಾರ್ಮಿನ ಬಿಳಿ ಸೀರೆ ಬಿಟ್ಟು ಹಸಿರು ಸೀರೆ ಉಟ್ಟಿದ್ದೆ. ಛತ್ರದ ಊಟದ ಹಾಲಿನಲ್ಲಿ ಚಾಪೆ ಹಾಸಿ ಜನರನ್ನು ಕೂರಿಸಿದ್ದರು. ಪಂಚೆ ಉಟ್ಟ ಮುದುಕರು, ಕಾಲೇಜು ಹುಡುಗಿ, ಕಂಕುಳಲ್ಲಿ ಕೂಸು ಹಿಡಿದ ತಾಯಿ. ಎಲ್ಲರೂ ಬೇರೆ ಯಾರನ್ನೋ ಕರೆದುಕೊಂಡು ಬಂದವರ ಹಾಗೆ ಕಿಟಕಿಯ ಆಚೆ ನೋಡುತ್ತಿದ್ದರು. ಸಾಲಿನ ಕೊನೆಯಲ್ಲಿ ನಮ್ಮ ಪಕ್ಕದ ಹಳ್ಳಿಯ ಒಬ್ಬ ಹೆಂಗಸು ಇದ್ದಳು. ಅವಳಿಗೆ ಎರಡು ವರ್ಷ ಹಳದಿ ಮಾತ್ರೆ ಕೊಟ್ಟವಳು ನಾನೇ. ನನ್ನನ್ನು ನೋಡಿ ಸೆರಗು ಮುಂದಕ್ಕೆಳೆದುಕೊಂಡಳು.

ಡಾಕ್ಟರು ನಡುವಯಸ್ಸಿನವರು, ಮೆತ್ತಗೆ ಮಾತಾಡುವವರು. ಅಕ್ಕನನ್ನು ಕೇಳಿದ ಪ್ರಶ್ನೆಗಳಿಗೆ ಅವಳು ತಲೆ ತಗ್ಗಿಸಿದ್ದರಿಂದ ನಾನೇ ಉತ್ತರ ಹೇಳುತ್ತಾ ಹೋದೆ.

"ಬೆಳಿಗ್ಗೆ ಎದ್ದಾಗ ಇವರಿಗೆ ಹೇಗನ್ನಿಸುತ್ತೆ?"

"ಏಳೋದೇ ಬೇಡ ಅನ್ನಿಸುತ್ತೆ ಸಾರ್. ಕಣ್ಣು ಬಿಟ್ಟ ಕೂಡ್ಲೇ ಎದೆ ಮೇಲೆ ಒದ್ದೆ ಗೋಣಿಚೀಲ ಹಾಕಿದ ಹಾಗೆ."

"ಆಮೇಲೆ?"

"ಮಗು ಬಂದು ಮಾತಾಡ್ಸಿದ್ರೆ ಯಾರದೋ ಮಗು ಅನ್ನಿಸುತ್ತೆ. ಬಸ್ಸು ಸೇತುವೆ ಮೇಲೆ ಬಂದ್ರೆ ಕೈಯೆಲ್ಲ ತಣ್ಣಗಾಗುತ್ತೆ, ಈಗ್ಲೇ ಸತ್ತುಹೋಗ್ತೀನಿ ಅಂತ…"

ಅಕ್ಕ ನನ್ನ ಮೊಣಕೈ ಮುಟ್ಟಿದಳು. ಮೊದಲ ಸಲ ತಲೆ ಎತ್ತಿ ಡಾಕ್ಟರ ಮುಖ ನೋಡಿದಳು.

"ಸಾ, ಅದು ನಂದಲ್ಲ. ನಾನು ಬಸ್ಸು ಅತ್ತದೇ ಇಲ್ಲ. ಅದು ನರ್ಸಮ್ಮಂದು."

ಡಾಕ್ಟರು ನಗಲಿಲ್ಲ. ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಆಮೇಲೆ ಕಟ್ಟಿನಿಂದ ಇನ್ನೊಂದು ಚೀಟಿ ತೆಗೆದು ನಿಧಾನವಾಗಿ, "ನಿಮ್ಮ ಹೆಸರು ಹೇಳಮ್ಮ," ಎಂದರು. ನನ್ನ ಹೆಸರು ನನ್ನ ಬಾಯಲ್ಲಿ ಹೊಸದಾಗಿ ಕೇಳಿಸಿತು. ಆಗ ಅಳು ಬಂತು. ಛತ್ರದ ಅಷ್ಟು ಜನರ ನಡುವೆ, ಹಸಿರು ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಅಕ್ಕ ಬೆನ್ನು ಸವರುತ್ತಾ, "ಅಳ್ಲಿ ಬುಡಿ ಸಾ," ಎನ್ನುತ್ತಿದ್ದಳು.

ನಾನು ಕೇಳಿದ ಪ್ರಶ್ನೆ ನೆನಪಿದೆ. "ನನಗೆ ಏನೂ ಕಮ್ಮಿ ಆಗಿಲ್ಲ ಸಾರ್. ಕಾರಣವೇ ಇಲ್ಲದೆ ಹೀಗಾಗುತ್ತಾ?"

"ಕೆಲವರಿಗೆ ಕಾರಣ ಇರುತ್ತೆ, ಕೆಲವರಿಗೆ ಕಾಣಲ್ಲ. ಕಾಲು ಮುರಿದವರು ಕಾರಣ ಗೊತ್ತಾಗೋವರೆಗೆ ಕಟ್ಟು ಹಾಕಿಸ್ಕೊಳ್ಳದೆ ಇರ್ತಾರಾ? ಇದು ಕಾಯಿಲೆ. ಸೋಮಾರಿತನ ಅಲ್ಲ, ಗಾಳಿಯೂ ಅಲ್ಲ. ಗುಳಿಗೆ ಕೊಡ್ತೀನಿ. ಎರಡು ಮೂರು ವಾರ ಏನೂ ಗೊತ್ತಾಗಲ್ಲ. ಬಿಡಬೇಡಿ. ಮುಂದಿನ ತಿಂಗಳು ಇಬ್ಬರೂ ಬನ್ನಿ."

ಇಬ್ಬರಿಗೂ ಒಂದೇ ಬಗೆಯ ಪೊಟ್ಟಣ ಸಿಕ್ಕಿತು. ಗಂಡನಿಗೆ ತೋರಿಸಿದಾಗ ಅವರು ಗುಳಿಗೆಯ ಹೆಸರನ್ನು ಬಹಳ ಹೊತ್ತು ಓದಿದರು. "ಆಫೀಸಿನಲ್ಲಿ ಯಾರಿಗೂ ಹೇಳ್ಬೇಡ. ಕೆಲಸಕ್ಕೆ ತೊಂದ್ರೆ ಆದೀತು," ಎಂದರು. ಬೆಳಿಗ್ಗೆ ನೋಡಿದರೆ ನನ್ನ ಊಟದ ಡಬ್ಬಿಯ ಮೇಲೆ ಒಂದು ಗುಳಿಗೆ ಕಾಗದದಲ್ಲಿ ಸುತ್ತಿ ಇಟ್ಟಿತ್ತು. ಅಂದಿನಿಂದ ಒಂದು ದಿನವೂ ಅದನ್ನು ಇಡಲು ಅವರು ಮರೆಯಲಿಲ್ಲ, ಆ ವಿಷಯ ಮಾತಾಡಲೂ ಇಲ್ಲ.

ಹಳ್ಳಿಯಲ್ಲಿ ಅಕ್ಕ ಜಗಲಿಗೆ ಬಂದವಳು, ಊಟ ಆಯ್ತಾ ಎಂದು ಕೇಳುವ ಬದಲು, "ನುಂಗುದ್ರಾ?" ಎನ್ನುತ್ತಿದ್ದಳು.

"ನುಂಗಿದೆ. ನೀನು?"

"ಊಂ."

ಬಾಯಿ ಒಣಗುತ್ತಿತ್ತು, ತಲೆ ಭಾರ. ಮೂರು ವಾರ ಏನೂ ಆಗಲಿಲ್ಲ. ನಾಲ್ಕನೆಯ ವಾರ ಒಂದು ಬೆಳಿಗ್ಗೆ ಅಕ್ಕನ ಬೆರಳುಗಳು ಸೊಪ್ಪಿನ ಕಲೆಯಿಂದ ಹಸಿರಾಗಿದ್ದವು. ತಲೆ ಬಾಚಿ ತುರುಬು ಕಟ್ಟಿದ್ದಳು. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಹೊಟ್ಟೆಕಿಚ್ಚಾದರೂ ಆಯಿತಲ್ಲ ಎಂದು ಆಮೇಲೆ ಸಮಾಧಾನವಾಯಿತು. ನನಗೆ ಇನ್ನೂ ಎರಡು ತಿಂಗಳು ಹಿಡಿಯಿತು. ಮೊದಲು ಮರಳಿ ಬಂದದ್ದು ವಾಸನೆ. ಕಬ್ಬಿನ ಕಾಲ, ಬಸ್ಸಿನ ಕಿಟಕಿಯಿಂದ ಆಲೆಮನೆಯ ಬೆಲ್ಲ ಕುದಿಯುವ ವಾಸನೆ ಬಂತು, ಬಾಯಲ್ಲಿ ನೀರೂರಿತು. ಪಕ್ಕದಲ್ಲಿ ಕೂತವರಿಗೆ, "ಬೆಲ್ಲ," ಎಂದೆ. ಅವರು ಹೌದು ಎಂದರು. ಸೇತುವೆಯ ಈಚೆ ಇಳಿಯುವುದನ್ನು ಯಾವತ್ತು ಬಿಟ್ಟೆನೋ ನೆನಪಿಲ್ಲ.

ಎಲ್ಲವೂ ನೆಟ್ಟಗೇ ಹೋಗಲಿಲ್ಲ. ವಾಸಿಯಾಯಿತೆಂದು ಅಕ್ಕ ಗುಳಿಗೆ ಬಿಟ್ಟಳು, ಮತ್ತೆ ಕೂತಳು, ಮತ್ತೆ ಇಬ್ಬರೂ ಛತ್ರಕ್ಕೆ ಹೋದೆವು. ಹೊಳೆ ತುಂಬಿದ ಒಂದು ತಿಂಗಳು ಡಾಕ್ಟರಿಗೆ ಬರಲಾಗಲಿಲ್ಲ, ನಾನೇ ಮೈಸೂರಿಗೆ ಹೋಗಿ ಗುಳಿಗೆ ತಂದೆ. ನನ್ನ ಜಗಲಿಯ ಹೆಂಗಸರನ್ನು ಈಗ ಬೇರೆ ರೀತಿ ಕೇಳತೊಡಗಿದೆ: ಬೆಳಿಗ್ಗೆ ಕಣ್ಣು ಬಿಟ್ಟಾಗ ಹೇಗಿರುತ್ತೆ, ನಗು ಬಂದು ಎಷ್ಟು ದಿನ ಆಯ್ತು. ರಿಜಿಸ್ಟರಿನಲ್ಲಿ ಬರೆಯಲು ಬೇರೆ ಜಾಗವಿಲ್ಲದ್ದರಿಂದ ನಿಶ್ಶಕ್ತಿ ಎಂದೇ ಬರೆದು ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಿದ್ದೆ. ಚುಕ್ಕೆಯವರಲ್ಲಿ ಕೆಲವರು ಛತ್ರಕ್ಕೆ ಬಂದರು. ಬಹಳ ಜನ ಬರಲಿಲ್ಲ. ಮೂಗೂರಿನ ಕಡೆಯಿಂದ ಮದುವೆಯಾಗಿ ಬಂದ ಒಬ್ಬ ಎಳೆಯ ಸೊಸೆಗಾಗಿ ಅವರ ಮನೆಗೆ ಮೂರು ಸಲ ಹೋದೆ. "ನಮ್ಮನೇಲಿ ಅಂತವರು ಯಾರೂ ಇಲ್ಲ," ಎಂದು ಬಾಗಿಲಲ್ಲೇ ಹೇಳಿದರು. ಸ್ವಲ್ಪ ದಿನಕ್ಕೆ ಅವಳನ್ನು ತವರಿಗೆ ಕಳಿಸಿದರು ಎಂದು ಕೇಳಿದೆ. ಮುಂದೆ ಏನಾಯಿತೋ ತಿಳಿಯಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನಗೆ ಕಳಲೆಯ ಕಡೆಗೆ ವರ್ಗವಾಯಿತು. ಮನೆಯಿಂದ ಹತ್ತಿರ. ಗುಳಿಗೆ ನಿಂತು ಆಗಲೇ ಒಂದೆರಡು ವರ್ಷವಾಗಿತ್ತು. ಒಂದು ರಜಾದಿನದ ಮಧ್ಯಾಹ್ನ ಅತ್ತೆ ಮತ್ತು ನಾನು ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಏಕೆ ಹೇಳಬೇಕೆನ್ನಿಸಿತೋ, ಅವರಿಗೆ ಎಲ್ಲ ಹೇಳಿದೆ. ಸೇತುವೆ, ಛತ್ರ, ಗುಳಿಗೆ, ಎಲ್ಲ. ಅವರು ಕೈ ನಿಲ್ಲಿಸದೆ ಕೇಳಿಸಿಕೊಂಡರು.

"ನಂಗೂ ಬಂದಿತ್ತು ಕಣಮ್ಮ ಅದು," ಎಂದರು.

ನಾನು ಅವರ ಕಡೆ ತಿರುಗಿ ಕೂತೆ.

"ನಿನ್ ಗಂಡ ಹುಟ್ಟಿ ಆರು ತಿಂಗ್ಳಿಗೆ. ಎರಡು ವರ್ಷ ಇತ್ತು. ಕೂಸಿಗೆ ಹಾಲು ಕುಡಿಸ್ತಿದ್ದೆ, ಅಡಿಗೆ ಮಾಡ್ತಿದ್ದೆ, ಎಲ್ಲಾ ಮಾಡ್ತಿದ್ದೆ. ನಾನು ಮಾತ್ರ ಇರ್ಲಿಲ್ಲ. ಹೊಳೆಗೆ ನೀರಿಗೆ ಹೋದೋಳು ಎಷ್ಟೋ ದಿನ ಬಿಂದಿಗೆ ಹಿಡ್ಕೊಂಡು ಸುಮ್ನೆ ನೀರೊಳಗೆ ನಿಂತ್ಕೊಂಡುಬಿಡ್ತಿದ್ದೆ."

"ಯಾರಿಗೂ ಹೇಳಲಿಲ್ವಾ ಅತ್ತೆ?"

"ಏನಂತ ಹೇಳೋದು? ಅದಕ್ಕೊಂದು ಹೆಸರಾದ್ರೂ ಇತ್ತಾ?"

ಹಿತ್ತಲಲ್ಲಿ ಬಾಳೆ ಎಲೆ ಗಾಳಿಗೆ ಸಣ್ಣಗೆ ಅಲ್ಲಾಡುತ್ತಿತ್ತು. ಅತ್ತೆ ಕಾಳನ್ನು ಮೊರಕ್ಕೆ ಹಾಕಿ, ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದರು. ನನ್ನ ಕಡೆ ನೋಡದೆ ಕೇಳಿದರು.

"ಆ ಗುಳಿಗೆ ಆವಾಗ್ಲೂ ಇತ್ತೇನಮ್ಮ?"

ಅವರಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಇತ್ತಂತೆ ಅತ್ತೆ. ಇಲ್ಲಿಗೆ ಬಂದಿರಲಿಲ್ಲ."

"ಹೂಂ," ಎಂದರು. ಇನ್ನೊಂದು ಹಿಡಿ ಅವರೆಕಾಯಿ ತೆಗೆದು ನನ್ನ ಮುಂದೆ ಹಾಕಿದರು.